ದಿನಕ್ಕೊಬ್ಬರೊಡನೆ ಒಂದು ಮಾತು

ಚಾಮರಾಜಪೇಟೆ, ಬೆಂಗಳೂರು
೧೪ ಜನವರಿ ೧೯೭೯

ಶೀನಣ್ಣ,

ವಿಳಾಸದ ಅಕ್ಷರ ನೋಡಿದ ಕೂಡಲೇ ಇದು ಯಾರ ಕಾಗದವೆಂದು ನಿನಗೆ ಗೊತ್ತಾಗಿರುತ್ತದೆ. ಹನ್ನೊಂದು ವರ್ಷ ಪ್ರೆಸ್ಸಿನ ಒಂದೇ ಮೇಜಿನ ಆಚೆ ಈಚೆ ಕೂತವರು ನಾವು. ನೀನು ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದೆ, ನಾನು ಪ್ರೂಫಿನ ಮೇಲೆ ಬೆರಳಾಡಿಸುತ್ತಾ ತಪ್ಪು ಸಿಕ್ಕಲ್ಲಿ ಗುರುತು ಹಾಕುತ್ತಿದ್ದೆ. ನಿನ್ನನ್ನು ಕೆಲಸದಿಂದ ತೆಗೆದು ಒಂದೂವರೆ ವರ್ಷವಾಯಿತು. ದಾವಣಗೆರೆಯ ವಿಳಾಸ ನನ್ನ ಬಳಿ ಇರಲಿಲ್ಲ ಎಂದರೆ ಅರ್ಧ ಸುಳ್ಳು. ಕೇಳಿದ್ದರೆ ಯೂನಿಯನ್ನಿನ ಮರಿಯಣ್ಣ ಯಾವತ್ತೋ ಕೊಡುತ್ತಿದ್ದ.

ಕಳೆದ ವಾರ ಮರಿಯಣ್ಣನೇ ನನ್ನ ರೂಮಿಗೆ ಬಂದ.

"ಶೀನಣ್ಣನ ಕೇಸು ಲೇಬರ್ ಕೋರ್ಟಿಗೆ ಬಂದಿದೆ. ಅವತ್ತು ಏನಾಯ್ತು ಅಂತ ಕಣ್ಣಾರೆ ಕಂಡೋರು ನೀವೊಬ್ರೇ. ಸಾಕ್ಷಿ ಹೇಳ್ತೀರಾ?" ಎಂದ.

ನಾನು ತಲೆಯಾಡಿಸಿದೆ.

"ತಲೆ ಆಡಿಸಿದ್ರೆ ಅಲ್ಲಿ ಬರ್ಕೊಳ್ಳಲ್ಲ ಸ್ವಾಮಿ. ಬಾಯಿಬಿಟ್ಟು ಹೇಳ್ಬೇಕು. ಆ ಕಡೆ ವಕೀಲರು ಬೇರೆ ಪ್ರಶ್ನೆ ಹಾಕ್ತಾರೆ. ಇನ್ನೂ ಹತ್ತು ತಿಂಗಳಾದ್ರೂ ಇದೆ, ಯೋಚನೆ ಮಾಡಿ."

ಕೋರ್ಟಿನಲ್ಲಿ ಹೇಳಬೇಕಾದದ್ದನ್ನು ಮೊದಲು ನಿನಗೇ ಬರೆದು ನೋಡುತ್ತೇನೆ. ಶಾಲೆಯ ವ್ಯಾಕರಣ ಪುಸ್ತಕದ ಮೊದಲ ಪ್ರೂಫಿನಲ್ಲಿ ಹನ್ನೊಂದು ಸಾಲು ಬಿಟ್ಟುಹೋಗಿತ್ತು. ನೀನು ಆ ಹನ್ನೊಂದು ಸಾಲನ್ನೂ ಓದಿದೆ. ನಾನು ಅಲ್ಲಿ ಕೆಂಪು ಗುರುತು ಹಾಕಿದೆ. ಅದನ್ನು ತಿದ್ದಿ, ಎರಡನೇ ಪ್ರೂಫ್ ತೆಗೆದು ನಮಗೆ ಕಳಿಸಬೇಕಾಗಿತ್ತು. ಮ್ಯಾನೇಜರ್ ರಾಮಸ್ವಾಮಿಯವರು ಆತುರಪಟ್ಟು ತಿದ್ದಿಸದೆಯೇ ಮಷೀನಿಗೆ ಹಾಕಿಸಿದರು. ಎಂಟು ಸಾವಿರ ಪ್ರತಿ ಹಾಳಾದ ಮೇಲೆ ನನ್ನ ಕೆಂಪು ಗುರುತಿದ್ದ ಪ್ರೂಫ್ ಎಲ್ಲೂ ಸಿಗಲಿಲ್ಲ. ಶೀನಣ್ಣ ಓದುವಾಗ ಆ ಸಾಲುಗಳನ್ನು ಹಾರಿಸಿದ್ದಾನೆ ಎಂದುಬಿಟ್ಟರು. ವಿಚಾರಣೆಯಲ್ಲಿ ಮಾಲೀಕರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಎರಡನೇ ಪ್ರೂಫ್ ಬಂದಿತ್ತೇನ್ರೀ?"

"ಬರಲಿಲ್ಲ" ಎನ್ನಬೇಕಾಗಿತ್ತು. ಬ ಎಂಬಲ್ಲಿ ನನ್ನ ತುಟಿ ಅಂಟಿಕೊಂಡಿತು. ನಾಲ್ಕನೇ ವಯಸ್ಸಿನಿಂದ ಇರುವ ತೊದಲು, ನಿನಗೆ ಹೊಸದಲ್ಲ. ಅವರು ಸ್ವಲ್ಪ ಹೊತ್ತು ನೋಡಿ "ಆಯ್ತು, ಕೂತ್ಕೊಳ್ಳಿ" ಎಂದರು. ನಾನು ಕೂತೆ. ಸಂಜೆ ನಿನಗೆ ವಜಾ ಕಾಗದ ಕೊಟ್ಟರು.

ಈ ಸಲ ಹೇಳುತ್ತೇನೆ. ಅದಕ್ಕಾಗಿ ಮಾತು ಕಲಿಯಲು ಹೊರಟಿದ್ದೇನೆ, ನಲವತ್ತೇಳನೇ ವಯಸ್ಸಿನಲ್ಲಿ. ಇಷ್ಟು ತಿಳಿಸಲೆಂದು ಬರೆದೆ.

ನಿನ್ನ
ನರಸಿಂಹಯ್ಯ


ಚಾಮರಾಜಪೇಟೆ
೨೫ ಫೆಬ್ರವರಿ ೧೯೭೯

ಶೀನಣ್ಣ,

ಉತ್ತರ ಬರಲಿಲ್ಲ. ಬರುತ್ತದೆಂದು ನಾನೂ ಅಂದುಕೊಂಡಿರಲಿಲ್ಲ. ಆದರೂ ಪೋಸ್ಟ್‌ಮ್ಯಾನ್ ನಮ್ಮ ವಠಾರಕ್ಕೆ ಬರುವ ಹೊತ್ತಿಗೆ ಸೈಕಲ್ ಬೆಲ್ಲಿಗೆ ಕಿವಿಗೊಡುತ್ತೇನೆ.

ಮಾತಿನ ತೊಂದರೆ ಇರುವವರಿಗೆ ಕಲಿಸುವ ಶಿವಕುಮಾರಿ ಎಂಬುವರು ಇಲ್ಲಿನ ಒಂದು ಆಸ್ಪತ್ರೆಗೆ ಗುರುವಾರ ಗುರುವಾರ ಬರುತ್ತಾರೆ. ಇಪ್ಪತ್ತೈದು ಇಪ್ಪತ್ತಾರು ವಯಸ್ಸಿರಬಹುದು. ಮೊದಲ ದಿನ ನನ್ನ ಹೆಸರು ಕೇಳಿದರು. ನ ಎಂಬಲ್ಲಿ ನಿಂತೆ. ಎಲ್ಲರೂ ಆಗ ನೆಲ ನೋಡುತ್ತಾರೆ, ಇಲ್ಲವೇ ಮಾತನ್ನು ತಾವೇ ಮುಗಿಸಿಬಿಡುತ್ತಾರೆ. ಆಕೆ ನನ್ನ ಮುಖ ನೋಡುತ್ತಾ ಕಾದರು. ಅದು ನನಗೆ ಬಯ್ಗುಳಕ್ಕಿಂತ ಕಷ್ಟವಾಯಿತು.

ನಾನೇ ಒಂದು ಕ್ರಮ ಹಾಕಿಕೊಂಡಿದ್ದೆ. ಬೆಳಗ್ಗೆ ಐದೂವರೆಗೆ ಬಸವನಗುಡಿಯ ಕಹಳೆ ಬಂಡೆ ಹತ್ತಿ ಪೇಪರಿನ ಒಂದು ಪುಟ ಗಟ್ಟಿಯಾಗಿ ಓದುವುದು. ಹದಿನೆಂಟು ದಿನ ತಪ್ಪದೆ ಮಾಡಿದೆ. ಒಂದು ಅಕ್ಷರವೂ ತಡೆಯಲಿಲ್ಲ. ಹೆಮ್ಮೆಯಿಂದ ಹೋಗಿ ಹೇಳಿದೆ. ಆಕೆ ನಕ್ಕರು.

"ಒಬ್ರೇ ಇದ್ದಾಗ ಯಾರೂ ತೊದಲಲ್ಲ ಸರ್. ನಿಮಗೆ ಕಷ್ಟ ಇರೋದು ಅಕ್ಷರದಲ್ಲಲ್ಲ, ಎದುರಿಗಿರೋ ಮನುಷ್ಯರಲ್ಲಿ. ದಿನಕ್ಕೆ ಒಬ್ಬರ ಹತ್ರ ಮಾತಾಡಿ. ಗುರುತಿಲ್ಲದೋರ ಹತ್ರ. ನಿಮಗೆ ಯಾವ ಮಾತು ಕಷ್ಟವೋ ಅದೇ ಮಾತು. ಅದರ ಬದಲಿಗೆ ಸುಲಭದ ಮಾತು ಹಾಕ್ಕೊಳ್ಳೋ ಹಾಗಿಲ್ಲ. ಸಿಕ್ಕಿಹಾಕ್ಕೊಂಡ್ರೆ ಅಲ್ಲೇ ನಿಂತಿರಿ, ಓಡಿಬರಬೇಡಿ. ಒಬ್ಬರು ಸಾಕು. ಆದ್ರೆ ದಿನಾ."

ಬಹಳ ಸಣ್ಣ ಕೆಲಸದಂತೆ ಕೇಳಿಸಿತು. ಮೊದಲ ಸಂಜೆ ಗಾಂಧಿ ಬಜಾರಿನಲ್ಲಿ ಏಳು ಗಂಟೆಯವರೆಗೆ ತಿರುಗಿ, ಯಾರನ್ನೂ ಏನೂ ಕೇಳದೆ ಮನೆಗೆ ಬಂದೆ. ಎರಡನೆಯ ಸಂಜೆ ತರಕಾರಿ ಮಾರುವ ಒಬ್ಬಾಕೆಯನ್ನು "ಬದನೆಕಾಯಿ ಹೇಗೆ" ಎಂದು ಕೇಳಿದೆ. ಬದನೆಕಾಯಿಯ ಐದು ಅಕ್ಷರ ಮುಗಿಯುವಷ್ಟರಲ್ಲಿ ಆಕೆ ಇಬ್ಬರಿಗೆ ವ್ಯಾಪಾರ ಮಾಡಿ ಮುಗಿಸಿದ್ದಳು. ಕೇಳಿದ ಮೇಲೆ ಕೊಳ್ಳದೆ ಬರುವುದು ಹೇಗೆ? ಈಗ ದಿನವೂ ಬದನೆಕಾಯಿ ಹುಳಿ.

ನರಸಿಂಹಯ್ಯ


ದಾವಣಗೆರೆ
೧೮ ಮಾರ್ಚ್ ೧೯೭೯

ನರಸಿಂಹಯ್ಯ ಅಣ್ಣನವರಿಗೆ ಅಂಜಮ್ಮ ಮಾಡುವ ನಮಸ್ಕಾರ.

ನಿಮ್ಮ ಎರಡು ಕಾಗದವೂ ತಲುಪಿವೆ. ಇವರು ಬರೆಯುವುದಿಲ್ಲ ಎಂದರು. ನಾನು ಬರೆಯುತ್ತಿರುವುದು ಇವರಿಗೆ ಗೊತ್ತಿಲ್ಲ. ಎರಡನ್ನೂ ಓದಿ ಗಡಿಯಾರದ ಹಿಂದೆ ಇಟ್ಟಿದ್ದಾರೆ, ಹರಿದು ಹಾಕಿಲ್ಲ. ಬದನೆಕಾಯಿಯದನ್ನು ಎರಡು ಸಲ ಓದಿದರು.

ಇಲ್ಲಿಯ ಪ್ರೆಸ್ಸು ಚಿಕ್ಕದು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಅಷ್ಟೇ. ಇವರಿಗೆ ಓದುವ ಕೆಲಸವಿಲ್ಲ, ಕಾಗದ ಕತ್ತರಿಸುತ್ತಾರೆ. ಮನೆಯಲ್ಲೂ ಮಾತು ಕಮ್ಮಿಯಾಗಿದೆ. ಗಂಟಲು ಕೆಟ್ಟಿದೆಯಾ ಎಂದು ನಾನೇ ಕೇಳಿದೆ.

ನೀವು ಬರೆಯುವುದನ್ನು ನಿಲ್ಲಿಸಬೇಡಿ.

ಅಂಜಮ್ಮ


ಚಾಮರಾಜಪೇಟೆ
೨೨ ಏಪ್ರಿಲ್ ೧೯೭೯

ಶೀನಣ್ಣ,

ಇವತ್ತಿಗೆ ಅರವತ್ತಾರು ದಿನ. ಪುಟ್ಟ ಪುಸ್ತಕವೊಂದರಲ್ಲಿ ತಾರೀಖು, ಯಾರ ಹತ್ತಿರ, ಯಾವ ಮಾತು ಎಂದು ಬರೆದಿಡುತ್ತೇನೆ. ಹೂವಿನವಳು, ಮಲ್ಲಿಗೆ. ತ್ಯಾಗರಾಜನಗರದ ಹತ್ತಿರ ಗೇಟಿನ ಬಳಿ ನಿಂತಿದ್ದ ಮುದುಕರು, ಬನಶಂಕರಿಗೆ ದಾರಿ. (ನನಗೆ ಬನಶಂಕರಿಯಲ್ಲಿ ಯಾವ ಕೆಲಸವೂ ಇರಲಿಲ್ಲ. ಪಾಪ, ಅವರು ಮೂಲೆಯವರೆಗೂ ಬಂದು ತೋರಿಸಿದರು. ನಾನು ಬನಶಂಕರಿಗೆ ಹೋಗಿಯೇ ಬಂದೆ.)

ಒಂದು ಸಂಗತಿ ನಿನಗೆ ಗೊತ್ತಿರಲಿಕ್ಕಿಲ್ಲ. ಹೋಟೆಲಿನಲ್ಲಿ ನಾನು ಯಾವಾಗಲೂ ಇಡ್ಲಿಯನ್ನೇ ಹೇಳುತ್ತಿದ್ದದ್ದು ಇಡ್ಲಿ ಇಷ್ಟವೆಂದಲ್ಲ. ಮಸಾಲೆ ದೋಸೆ ಎನ್ನಲು ಆಗುತ್ತಿರಲಿಲ್ಲ. ಹೋದ ಶನಿವಾರ ಹೇಳಿದೆ. ಮಾಣಿ ಮ ಎಂಬಲ್ಲೇ ಹೊರಟುಬಿಡುತ್ತಿದ್ದ. ಕೈಯೆತ್ತಿ ನಿಲ್ಲಿಸಿ ಪೂರ್ತಿ ಹೇಳಿದೆ. ತಿನ್ನುವಾಗ ಎದುರಿನ ಕುರ್ಚಿ ಖಾಲಿ ಇತ್ತು. ಯಾರಿಗಾದರೂ ಹೇಳಬೇಕೆನಿಸಿತು. ಬಿಲ್ಲಿನವನಿಗೆ ಹೇಳುವುದೇ?

ಪ್ರೆಸ್ಸಿನಲ್ಲಿ ನಿನ್ನ ಜಾಗಕ್ಕೆ ಯಾರನ್ನೂ ತೆಗೆದುಕೊಂಡಿಲ್ಲ. ಹಸ್ತಪ್ರತಿಯನ್ನೂ ಪ್ರೂಫನ್ನೂ ಪಕ್ಕಪಕ್ಕ ಇಟ್ಟುಕೊಂಡು ನಾನೇ ಎರಡು ಕಡೆ ಕಣ್ಣಾಡಿಸುತ್ತೇನೆ. ಮಧ್ಯಾಹ್ನದ ಮೇಲೆ ಆ ಕೋಣೆಯಲ್ಲಿ ಮಷೀನಿನ ಸದ್ದೊಂದೇ.

ನರಸಿಂಹಯ್ಯ


ದಾವಣಗೆರೆ
೬ ಜೂನ್ ೧೯೭೯

ನರಸಿಂಹಯ್ಯನಿಗೆ,

ನೀನು ದೋಸೆ ತಿಂದ ಕಥೆ ಓದಿದೆ.

ಒಂದೇ ಪ್ರಶ್ನೆ ಇದೆ. ಎರಡು ವರ್ಷದಿಂದ ಇದೆ. ಅವತ್ತು ವಿಚಾರಣೆಯಲ್ಲಿ ನಿನ್ನ ನಾಲಿಗೆ ಕಟ್ಟಿತು, ಸರಿ. ಕೈ ಇತ್ತಲ್ಲ? ಜೇಬಿನಲ್ಲಿ ಪೆನ್ಸಿಲ್ ಇತ್ತು. ಮೇಜಿನ ತುಂಬ ಕಾಗದ ಇತ್ತು. "ಬರಲಿಲ್ಲ" ಎಂದು ಬರೆದುಕೊಟ್ಟಿದ್ದರೆ ನಾನು ಇವತ್ತು ಇಲ್ಲಿ ಕಾಗದ ಕತ್ತರಿಸುತ್ತಿರಲಿಲ್ಲ.

ಅದಕ್ಕೆ ಉತ್ತರವಿದ್ದರೆ ಬರಿ. ಇಲ್ಲದಿದ್ದರೆ ಬೇಡ.

ಶ್ರೀನಿವಾಸಯ್ಯ


ಚಾಮರಾಜಪೇಟೆ
೩೦ ಜೂನ್ ೧೯೭೯

ಶೀನಣ್ಣ,

ನಿನ್ನ ಕಾಗದ ಬಂದ ದಿನ ನಾನು ಯಾರ ಹತ್ತಿರವೂ ಮಾತಾಡಲಿಲ್ಲ. ಮರುದಿನವೂ ಇಲ್ಲ. ಪುಸ್ತಕದಲ್ಲಿ ಹತ್ತೊಂಬತ್ತು ದಿನ ಖಾಲಿ ಇದೆ. ಕೆಲಸಕ್ಕೆ ಹೋಗುತ್ತಿದ್ದೆ, ಬರುತ್ತಿದ್ದೆ, ಮಲಗುತ್ತಿದ್ದೆ. ಮನೆಯೊಡತಿ ಮುನಿಯಕ್ಕ "ಮೈಗೆ ಹುಷಾರಿಲ್ವಾ?" ಎಂದು ಬಾಗಿಲ ಹತ್ತಿರ ಬಂದು ಕೇಳಿದರೆ, ಮೊದಲಿನಂತೆ ಕೈಸನ್ನೆ ಮಾಡಿ ಕಳಿಸಿದೆ. ಗುರುವಾರ ಆಸ್ಪತ್ರೆಗೂ ಹೋಗಲಿಲ್ಲ. ಇಷ್ಟು ದಿನ ಕಟ್ಟಿದ್ದೆಲ್ಲ ಎಷ್ಟು ಬೇಗ ಬಿದ್ದುಹೋಯಿತೆಂದು ನೋಡುತ್ತಾ ಕೂತಿದ್ದೆ.

ಇಪ್ಪತ್ತನೆಯ ದಿನ ಶಿವಕುಮಾರಿಯವರ ಹತ್ತಿರ ಹೋಗಿ ಪುಸ್ತಕದ ಖಾಲಿ ಸಾಲುಗಳನ್ನು ತೋರಿಸಿದೆ. ಬೈಯಲಿಲ್ಲ. "ಬಿಟ್ಟ ದಿನಗಳನ್ನ ಒಟ್ಟಿಗೆ ತೀರಿಸೋಕೆ ಹೋಗ್ಬೇಡಿ. ಇವತ್ತು ಒಬ್ಬರು, ಅಷ್ಟೇ" ಎಂದರು. "ಯಾಕೆ ನಿಲ್ಸಿದ್ರಿ?" ಎಂದು ಕೇಳಿದರು. ಹೇಳಲಿಲ್ಲ. ಅದನ್ನು ಮೊದಲು ನಿನಗೆ ಹೇಳಬೇಕಾಗಿತ್ತು.

ಅವತ್ತು ಬ ಅಂಟಿಕೊಂಡದ್ದು ನಿಜ. ಅದು ಬಿಟ್ಟುಕೊಂಡದ್ದೂ ನಿಜ. ಹತ್ತು ಎಣಿಸುವಷ್ಟರಲ್ಲಿ ತುಟಿ ಸಡಿಲವಾಯಿತು. ಮಾತು ಬಾಯಿಯವರೆಗೆ ಬಂದಿತ್ತು. ಆಗ ರಾಮಸ್ವಾಮಿಯವರು ನನ್ನ ಕಡೆ ನೋಡಿದರು. ಗದರಿಸುವ ನೋಟವೂ ಅಲ್ಲ, ಸುಮ್ಮನೆ ನೋಡಿದರು. ಈ ಕೆಲಸ ಹೋದರೆ ಹೆಸರು ಹೇಳಲೂ ಬಾರದವನನ್ನು ಇನ್ನಾವ ಪ್ರೆಸ್ಸಿನವರು ಬಾಗಿಲೊಳಗೆ ಬಿಡುತ್ತಾರೆ ಎಂದು ನನಗನ್ನಿಸಿತು. ನಿನಗೆ ಒಳ್ಳೆಯ ಗಂಟಲಿದೆ, ಎಲ್ಲಾದರೂ ಬದುಕುತ್ತೀಯ ಎಂದೂ ಅಂದುಕೊಂಡೆ. ನೋಡು, ಅಷ್ಟರಲ್ಲಿ ಅಷ್ಟೆಲ್ಲ ಲೆಕ್ಕ ಹಾಕಿದ್ದೆ. ತುಟಿಯನ್ನು ಮತ್ತೆ ಬಿಗಿಹಿಡಿದೆ. ಈ ಸಲ ಹಿಡಿದದ್ದು ನಾನೇ.

ಅದಕ್ಕೇ ಪೆನ್ಸಿಲ್ ತೆಗೆಯಲಿಲ್ಲ.

ಆಮೇಲೆ ಎಲ್ಲರೂ ನನ್ನ ಮೇಲೆ ಕನಿಕರಪಟ್ಟರು. ಪಾಪ, ನರಸಿಂಹಯ್ಯನಿಗೆ ಹೇಳೋಕೇ ಆಗಲಿಲ್ಲ ಎಂದರು. ಮರಿಯಣ್ಣನೂ ಹಾಗೇ ಅಂದುಕೊಂಡಿದ್ದಾನೆ. ನಾನು ಬೇಡವೆನ್ನಲಿಲ್ಲ. ತೊದಲು ನನಗೆ ಜೀವಮಾನವೆಲ್ಲ ಕಾಟ ಕೊಟ್ಟಿದೆ, ಅವತ್ತೊಂದು ದಿನ ಅದರ ಹಿಂದೆ ಅಡಗಿ ಕೂತೆ.

ನಿನ್ನೆಯಿಂದ ಮತ್ತೆ ಶುರು ಮಾಡಿದ್ದೇನೆ. ಸಿಟಿ ಬಸ್ಸಿನ ಕಂಡಕ್ಟರ್, ಮೆಜೆಸ್ಟಿಕ್. ಹಿಂದಿನ ಸೀಟಿನವರು ನಕ್ಕರು. ಟಿಕೆಟ್ ತೆಗೆದುಕೊಂಡೆ.

ನರಸಿಂಹಯ್ಯ


ದಾವಣಗೆರೆ
೨ ಸೆಪ್ಟೆಂಬರ್ ೧೯೭೯

ನರಸಿಂಹಯ್ಯ,

ಗೊತ್ತಿತ್ತು.

ಹನ್ನೊಂದು ವರ್ಷ ನಿನ್ನ ಎದುರು ಕೂತವನು. ನಿಜವಾಗಿ ಸಿಕ್ಕಿಕೊಂಡಾಗ ನಿನ್ನ ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಅವತ್ತು ಕಡೆಯಲ್ಲಿ ನಿನ್ನ ಎರಡು ಕಣ್ಣೂ ತೆರೆದಿದ್ದವು.

ನಾನು ಇದನ್ನು ಯಾರಿಗೂ ಹೇಳಿಲ್ಲ. ಅಂಜಮ್ಮನಿಗೂ ಹೇಳಿಲ್ಲ. ಕೆಲಸ ಹೋದದ್ದಕ್ಕಿಂತ ಅದನ್ನು ಒಬ್ಬನೇ ಹೊತ್ತುಕೊಂಡಿದ್ದದ್ದು ಭಾರವಾಗಿತ್ತು.

ನೀನು ಸಾಕ್ಷಿ ಹೇಳಿದರೆ ನಿನ್ನ ಕೆಲಸಕ್ಕೆ ಕುತ್ತು ಬರುತ್ತದೆ. ಯೋಚಿಸು. ಹೇಳದಿದ್ದರೂ ಈಗ ನನಗೆ ಆಶ್ಚರ್ಯವಾಗುವುದಿಲ್ಲ.

ಶ್ರೀನಿವಾಸಯ್ಯ


ಚಾಮರಾಜಪೇಟೆ
೭ ಅಕ್ಟೋಬರ್ ೧೯೭೯

ಶೀನಣ್ಣ,

ನಿನ್ನ ಕಾಗದ ಬಂತು. ಇಲ್ಲಿ ನಡೆದದ್ದನ್ನು ಬರೆಯುತ್ತೇನೆ.

ರಾಮಸ್ವಾಮಿಯವರು ಕರೆಸಿದ್ದರು. ಕೂರಲು ಹೇಳಿ ಕಾಫಿ ತರಿಸಿದರು. "ಕೋರ್ಟು ಕಚೇರಿ ಎಲ್ಲ ನಿಮ್ಮಂಥೋರಿಗೆ ಯಾಕೆ ನರಸಿಂಹಯ್ಯ? ಅಲ್ಲಿ ನಾಲ್ಕು ಜನರ ಮುಂದೆ ನಿಂತ್ರೆ ನಿಮಗೇ ಅವಮಾನ" ಎಂದರು. ಅವರ ದನಿಯಲ್ಲಿ ನಿಜವಾದ ಕಾಳಜಿಯೇ ಇತ್ತು ಎನಿಸುತ್ತದೆ. ನಾನು "ಬರ್ತೀನಿ ಅಂತ ಹೇಳಿದೀನಿ ಸಾರ್" ಎಂದೆ. ಹೇಳಿ ಮುಗಿಸುವುದರೊಳಗೆ ಕಾಫಿಯ ಮೇಲೆ ಕೆನೆ ಕಟ್ಟಿತ್ತು. ಅವರು ಗಡಿಯಾರ ನೋಡಿಕೊಂಡರು.

ಜೂನ್ ಕೊನೆಯಿಂದ ಒಂದು ದಿನವೂ ತಪ್ಪಿಲ್ಲ. ಜ್ವರವಿದ್ದ ದಿನ ಕಂಬಳಿ ಹೊದ್ದುಕೊಂಡು ಬೀದಿಯ ಕೊನೆಯ ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ಕೇಳಿದೆ. ತೊದಲು ಹೋಗಿದೆ ಎಂದು ತಿಳಿಯಬೇಡ. ಹೋಗುವುದೂ ಇಲ್ಲವಂತೆ, ಶಿವಕುಮಾರಿಯವರೇ ಹೇಳಿದರು. ಮೊದಲು ಮಾತು ನಿಂತರೆ ನಾನು ಹೊರಟುಬಿಡುತ್ತಿದ್ದೆ. ಈಗ ಅದು ನಿಂತರೆ ನಾನೂ ನಿಲ್ಲುತ್ತೇನೆ. ಇಷ್ಟು ತಿಂಗಳಲ್ಲಿ ಬಂದ ಬದಲಾವಣೆ ಇಷ್ಟೇ.

ಸಾಕ್ಷಿ ನವೆಂಬರ್ ಇಪ್ಪತ್ತೆರಡಕ್ಕೆ.

ನರಸಿಂಹಯ್ಯ


ಚಾಮರಾಜಪೇಟೆ
೨೫ ನವೆಂಬರ್ ೧೯೭೯

ಶೀನಣ್ಣ,

ನಿನ್ನ ಪರ ವಕೀಲರು ಒಳಗೆ ಹೋಗುವ ಮುಂಚೆ ನನ್ನನ್ನು ಪಕ್ಕಕ್ಕೆ ಕರೆದರು. "ಅವತ್ತು ಯಾಕೆ ಹೇಳ್ಲಿಲ್ಲ ಅಂತ ಕೇಳೇ ಕೇಳ್ತಾರೆ. ತೊದಲು ಇದೆ, ಆಗ್ಲಿಲ್ಲ ಅಂದ್ಬಿಡಿ. ಜಡ್ಜ್ ಸಾಹೇಬರಿಗೂ ಕಾಣ್ತಿರುತ್ತೆ, ಅಲ್ಲಿಗೆ ಮುಗೀತು" ಎಂದರು. ಅಷ್ಟರಲ್ಲಿ ನನ್ನ ಹೆಸರು ಕೂಗಿದರು.

ಹೆಸರು ಹೇಳುವುದಕ್ಕೇ ಬಹಳ ಹೊತ್ತಾಯಿತು. ಟೈಪು ಮಾಡುವವರು ಬೆರಳನ್ನು ಮೇಲೆತ್ತಿಕೊಂಡು ಕಾದರು. ಆಮೇಲೆ ಒಂದೊಂದಾಗಿ ಹೇಳಿದೆ. ಶೀನಣ್ಣ ಓದಿದರು. ನಾನು ಗುರುತು ಹಾಕಿದೆ. ಎರಡನೇ ಪ್ರೂಫ್ ಬರಲಿಲ್ಲ. ಅದೇ ಮಾತು, ಎರಡೂವರೆ ವರ್ಷ ತಡವಾಗಿ. ತುಟಿ ಅಂಟಿತು, ಬಿಟ್ಟಿತು, ಹೇಳಿದೆ. ಯಾರೂ ನಗಲಿಲ್ಲ.

ಆ ಕಡೆ ವಕೀಲರು ಎದ್ದರು. "ಇಷ್ಟು ಚೆನ್ನಾಗಿ ನೆನಪಿರೋರು ಅವತ್ತು ಸುಮ್ನೆ ಕೂತ್ರಲ್ಲ, ಯಾಕೆ? ಇದು ಈಗ ಯಾರೋ ಹೇಳಿಕೊಟ್ಟದ್ದು ಅಲ್ವಾ?"

ನಾನು ಅಲ್ಲ ಎಂದೆ.

"ಹಾಗಾದ್ರೆ ಮಾತಿನ ತೊಂದರೆಯಿಂದ ಸುಮ್ನಿದ್ರಾ?"

ನಮ್ಮ ವಕೀಲರು ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು. ಹೌದು ಎಂದರೆ ಸಾಕಾಗಿತ್ತು, ಹೌದು ನನಗೆ ಸಲೀಸಾದ ಮಾತು. ನಾನು ಮತ್ತೆ ಅಲ್ಲ ಎಂದೆ. ಹಾಗಾದರೆ ಯಾಕೆ ಎಂದರು. ಹೆದರಿಕೆಯಿಂದ ಎನ್ನಬಹುದಿತ್ತು, ಅದೂ ಸುಲಭ. ಆದರೆ ನನ್ನ ಮನಸ್ಸಿಗೆ ಮೊದಲು ಬಂದದ್ದು ಭಯ ಎಂಬ ಮಾತು. ಬದಲಿ ಮಾತು ಹಾಕುವಂತಿಲ್ಲ ಎಂದು ಒಂಬತ್ತು ತಿಂಗಳು ಬೀದಿಬೀದಿಯಲ್ಲಿ ನಿಂತು ಕಲಿತಿದ್ದೆನಲ್ಲ. ಅದನ್ನೇ ಹೇಳಲು ಹೊರಟೆ. ಬಹಳ ಕೆಟ್ಟದಾಗಿ ಸಿಕ್ಕಿಕೊಂಡಿತು. ಜಡ್ಜ್ ಸಾಹೇಬರು ಪೆನ್ನು ಕೆಳಗಿಟ್ಟರು. ಆ ವಕೀಲರು ಏನೋ ಹೇಳಲು ಹೋದಾಗ "ಅವರು ಹೇಳ್ತಿದಾರೆ, ಹೇಳ್ಲಿ" ಎಂದರು.

ಭಯದಿಂದ, ಕೆಲಸ ಹೋಗುತ್ತದೆಂಬ ಭಯದಿಂದ ಸುಳ್ಳನ್ನು ಕೇಳಿಯೂ ಸುಮ್ಮನಿದ್ದೆ ಎಂದು ಹೇಳಿದೆ. ಅವರು ಬರೆಸಿಕೊಂಡರು.

ಹೊರಗೆ ಬಂದಾಗ ಮರಿಯಣ್ಣ ನನ್ನನ್ನು ಕಾಯದೆ ಹೊರಟುಹೋಗಿದ್ದ. ಅವನಿಗೆ ನನ್ನ ಮೇಲಿದ್ದ ಕನಿಕರ ಹೋಗಿದೆ. ಅದು ಹೋಗಬೇಕಾದದ್ದೇ. ಮೆಜೆಸ್ಟಿಕ್ಕಿನಿಂದ ರೂಮಿಗೆ ನಡೆದುಕೊಂಡೇ ಬಂದೆ. ಮುನಿಯಕ್ಕ ಮಗಳ ಮನೆಗೆ ಹೋಗಿದ್ದರು. ವಠಾರದಲ್ಲಿ ಯಾರೂ ಇರಲಿಲ್ಲ. ಬಾಗಿಲು ಹಾಕಿಕೊಂಡು ಕೂತೆ.

ನೀನು ಬರುತ್ತೀಯೇನೋ ಎಂದು ನೋಡಿದ್ದೆ. ತಪ್ಪು ತಿಳಿಯಬೇಡ, ಬರಬೇಕಾಗಿತ್ತು ಎಂದಲ್ಲ.

ನರಸಿಂಹಯ್ಯ


ಚಾಮರಾಜಪೇಟೆ
೧೦ ಫೆಬ್ರವರಿ ೧೯೮೦

ಶೀನಣ್ಣ,

ನನ್ನನ್ನು ಪ್ರೂಫಿನ ಕೋಣೆಯಿಂದ ಗೋಡೌನಿಗೆ ಹಾಕಿದ್ದಾರೆ. ಪುಸ್ತಕದ ಕಟ್ಟುಗಳನ್ನು ಎಣಿಸಿ ಚೀಟಿ ಅಂಟಿಸುವ ಕೆಲಸ. ಕೆಲಸದಿಂದ ತೆಗೆದಿಲ್ಲ, ಕೇಸು ನಡೆಯುವಾಗ ತೆಗೆದರೆ ತೊಂದರೆಯಂತೆ. ಗೋಡೌನಿನಲ್ಲಿ ಕಿಟಕಿಯಿಲ್ಲ. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಯಾರೂ ಬರುವುದಿಲ್ಲ.

ಸಾಕ್ಷಿ ಮುಗಿಯಿತು, ಇನ್ನು ಆ ಅಭ್ಯಾಸ ಯಾಕೆ ಎಂದು ಎರಡು ದಿನ ಬಿಟ್ಟಿದ್ದೆ. ಮೂರನೆಯ ದಿನ ಸಂಜೆ ಕಾಲು ತಾನಾಗಿಯೇ ಗಾಂಧಿ ಬಜಾರಿಗೆ ಹೋಯಿತು. ಈಗ ಗುರಿಯೇನೂ ಇಲ್ಲ. ದಿನದಲ್ಲಿ ನಾನು ಮಾತಾಡುವುದು ಅಲ್ಲಿ ಸಿಗುವ ಆ ಒಬ್ಬ ಅಪರಿಚಿತರ ಹತ್ತಿರ ಮಾತ್ರ. ಅದಕ್ಕಾಗಿಯೇ ಹೋಗುತ್ತೇನೆ ಎಂದರೂ ಸರಿಯೇ.

ನೀನೂ ಅಂಜಮ್ಮನವರೂ ಕ್ಷೇಮವೆಂದು ತಿಳಿಯುತ್ತೇನೆ.

ನರಸಿಂಹಯ್ಯ


ದಾವಣಗೆರೆ
೧೪ ಸೆಪ್ಟೆಂಬರ್ ೧೯೮೦

ನರಸಿಂಹಯ್ಯ,

ತೀರ್ಪು ಬಂದದ್ದು ನಿನಗೆ ಮರಿಯಣ್ಣ ಹೇಳಿರುತ್ತಾನೆ. ನನ್ನ ತಪ್ಪಿಲ್ಲ, ಕೆಲಸಕ್ಕೆ ಮತ್ತೆ ತೆಗೆದುಕೊಳ್ಳಬೇಕು ಎಂದು ಬರೆದಿದ್ದಾರೆ. ಸಾಕ್ಷಿ ತನಗೇ ಹೀನವಾಗುವ ಮಾತನ್ನು ಮರೆಮಾಡದೆ ಹೇಳಿದ್ದರಿಂದ ಅದನ್ನು ನಂಬಬಹುದು ಎಂದು ಒಂದು ಸಾಲಿದೆ. ಅದನ್ನು ಅಂಜಮ್ಮನಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳಿಗೆ ಎಲ್ಲವನ್ನೂ ಹೇಳಿದೆ.

ನಾನು ವಾಪಸು ಬರುವುದಿಲ್ಲ. ಆ ಮೇಜಿನ ಮುಂದೆ ಕೂತು ಓದಲು ಇನ್ನು ನನ್ನಿಂದಾಗದು. ಇಲ್ಲಿ ಪಕ್ಕದ ಶಾಲೆಯವರು ಸಂಜೆ ಹೊತ್ತು ದೊಡ್ಡವರಿಗೆ ಓದು ಕಲಿಸಲು ಕರೆದಿದ್ದಾರೆ. ಹೋಗುತ್ತಿದ್ದೇನೆ. ಗಂಟಲು ಸರಿಯಾಗಿದೆ.

ಇನ್ನೊಂದು ಮಾತು. ಆ ನವೆಂಬರಿನಲ್ಲಿ ನಾನು ಬಂದಿದ್ದೆ. ಒಳಗೆ ಬರಲಿಲ್ಲ, ಬಾಗಿಲ ಮರೆಯಲ್ಲಿ ವರಾಂಡದಲ್ಲಿ ನಿಂತಿದ್ದೆ. ನೀನು ಕಡೆಯ ಮಾತಿಗೆ ಸಿಕ್ಕಿಕೊಂಡಾಗ ನಾನೇ ಒಳಗೆ ನುಗ್ಗಿ ಅದನ್ನು ಹೇಳಿಬಿಡಬೇಕೆನಿಸಿತು. ಹನ್ನೊಂದು ವರ್ಷ ನಿನ್ನ ಮಾತನ್ನೆಲ್ಲ ನಾನೇ ಮುಗಿಸಿದ್ದೆನಲ್ಲ. ಗೋಡೆ ಹಿಡಿದು ನಿಂತೆ. ನೀನು ಹೇಳಿ ಮುಗಿಸಿದ ಮೇಲೆ ಹೊರಟುಬಂದೆ. ನಿನ್ನ ಎದುರು ಬಂದರೆ ಆಯಿತು ಬಿಡು, ಮರೆತುಬಿಟ್ಟೆ ಎನ್ನಬೇಕಾಗುತ್ತಿತ್ತು. ಮರೆತಿರಲಿಲ್ಲ. ಈಗಲೂ ಪೂರ್ತಿ ಮರೆತಿಲ್ಲ. ಬಸ್ಸಿನಲ್ಲಿ ತುಮಕೂರು ದಾಟುವವರೆಗೂ ಇಳಿದು ವಾಪಸು ಹೋಗಲೇ ಎಂದು ಕೂತಿದ್ದೆ.

ನಮ್ಮ ಪ್ರೆಸ್ಸಿಗೆ ಹೋದ ತಿಂಗಳು ಫೋನ್ ಹಾಕಿಸಿದ್ದಾರೆ. ನಂಬರು ಮರಿಯಣ್ಣನ ಹತ್ತಿರ ಇದೆ. ಭಾನುವಾರ ಬೆಳಗ್ಗೆ ಹತ್ತರಿಂದ ನಾನೊಬ್ಬನೇ ಅಲ್ಲಿ ಇರುತ್ತೇನೆ. ನೀನು ಜನ್ಮದಲ್ಲಿ ಫೋನ್ ಮುಟ್ಟಿದವನಲ್ಲ, ನನಗೆ ಗೊತ್ತು. ಟ್ರಂಕ್ ಕಾಲ್ ಬುಕ್ ಮಾಡಿದರೆ ಮೂರು ನಿಮಿಷಕ್ಕೆ ಆಪರೇಟರ್ ನಡುವೆ ಬಾಯಿ ಹಾಕುತ್ತಾಳೆ. ಆರು ನಿಮಿಷವೆಂದು ಮೊದಲೇ ಹೇಳಿ ಬುಕ್ ಮಾಡು.

ನಾನು ನಡುವೆ ಮಾತಾಡುವುದಿಲ್ಲ.

ಶೀನಣ್ಣ